ಕರೆತಂದವರ ಹೆಸರು

ಬಳೆಗಾರ್ತಿ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದಾಗ ಅವರಿಗೆ ಅಪಘಾತವಾಗಿ ಐದು ತಿಂಗಳು ಮೇಲಾಗಿತ್ತು. ಗದಗಿನ ಕೋರ್ಟಿಗೆ ಸಮೀಪದ ಓಣಿಯಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಮೇಲೆ, ನನ್ನದು ಒಂದೇ ಕೋಣೆ. ವಾಹನ ಅಪಘಾತದಲ್ಲಿ ಗಾಯಗೊಂಡವರ ಪರಿಹಾರದ ಕೇಸುಗಳನ್ನೇ ನಾನು ಹೆಚ್ಚಾಗಿ ನಡೆಸುವುದು. ಅವರು ಲಕ್ಷ್ಮೇಶ್ವರದವರು, ವಯಸ್ಸು ಐವತ್ತರ ಆಸುಪಾಸು. ಸುತ್ತಲಿನ ಹಳ್ಳಿಗಳಲ್ಲಿ ಮದುವೆ ಮನೆಗಳಿಗೆ, ಬಸುರಿಯರ ಕುಬಸದ ಮನೆಗಳಿಗೆ ಹೋಗಿ ಹೆಂಗಸರಿಗೆ ಬಳೆ ಇಡಿಸುವುದು ಅವರ ಕೆಲಸ. ಜೊತೆಗೆ ಅವರ ತಮ್ಮ ಬಂದಿದ್ದರು. ಅಪಘಾತದ ದಿನ ಬೈಕು ಓಡಿಸುತ್ತಿದ್ದವರು ಅವರೇ.

ಮೊದಲು ಮಾತಾಡಿದ್ದು ತಮ್ಮ. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಲ್ಲಿದ್ದಾಗ ದಲ್ಲಾಳಿಯೊಬ್ಬ ಹಾಸಿಗೆಯ ಹತ್ತಿರವೇ ಬಂದು, ದೊಡ್ಡ ವಕೀಲರಿಗೆ ಒಪ್ಪಿಸಿಕೊಡುತ್ತೇನೆ, ಬಂದದ್ದರಲ್ಲಿ ಪಾಲು ಕೊಟ್ಟರೆ ಸಾಕು ಎಂದು ಹೇಳಿ ಕಾಗದಪತ್ರಗಳನ್ನೆಲ್ಲ ಒಯ್ದಿದ್ದನಂತೆ. ಫೋನು ಮಾಡಿದಾಗಲೆಲ್ಲ ಕೇಸು ನಡೆದಿದೆ ಎನ್ನುತ್ತಿದ್ದ. ಕೊನೆಗೆ ಇಬ್ಬರೂ ಹುಬ್ಬಳ್ಳಿಗೆ ಹೋಗಿ ವಿಚಾರಿಸಿದರೆ ಅರ್ಜಿಯನ್ನೇ ಹಾಕಿರಲಿಲ್ಲ. ಮಧ್ಯಾಹ್ನದವರೆಗೆ ಆ ವಕೀಲರ ಬಾಗಿಲಲ್ಲಿ ಕುಳಿತು ಕಾಗದಗಳನ್ನು ವಾಪಸು ತಂದಿದ್ದರು. ಬಳೆಗಾರ್ತಿ ಎಡಗೈಯಿಂದ ಆ ಚೀಲವನ್ನು ನನ್ನ ಮೇಜಿನ ಮೇಲಿಟ್ಟರು.

"ಬಸ್ ಹತ್ತಿ ಬಂದ್ರ ಮಾರಿ ಕಾಣೂವಂಥಾ ವಕೀಲರು ಬೇಕಾಗ್ಯಾರ್ರಿ ನಂಗ," ಎಂದರು. "ಮೊದಲ ಇವನ್ನ ಓದ್ರಿ ಬಾಯಾರ. ಓದಿ, ಇದು ಆಗೂದಿಲ್ಲ ಅನಸಿದ್ರ ಹಂಗಂತ ಹೇಳಿಬಿಡ್ರಿ. ನಾವು ತಿರುಗಿ ಹೊಕ್ಕೇವಿ."

ನಾನು ಓದಲು ಕುಳಿತೆ. ಅವರು ಎದುರಿಗೇ ಕುಳಿತಿದ್ದರು.

ನಡೆದದ್ದು ಇಷ್ಟು. ಅಡರಕಟ್ಟಿಯಲ್ಲಿ ಒಂದು ಕುಬಸ ಮುಗಿಸಿಕೊಂಡು ತಮ್ಮನ ಬೈಕಿನ ಹಿಂದೆ ಕುಳಿತು ಅವರು ಊರಿಗೆ ಮರಳುತ್ತಿದ್ದರು. ಬಳೆಯ ಪೆಟ್ಟಿಗೆ ತೊಡೆಯ ಮೇಲಿತ್ತು. ಒಂದು ತಿರುವಿನಲ್ಲಿ ಹಿಂದಿನಿಂದ ಬಂದ ಸರಕು ಟೆಂಪೋ ತಾಗಿತು. ಬಿದ್ದ ರಭಸಕ್ಕೆ ಅವರ ಬಲಗೈಯ ಮಣಿಕಟ್ಟು ಮುರಿಯಿತು. ಪೆಟ್ಟಿಗೆಯಲ್ಲಿದ್ದ ಗಾಜಿನ ಬಳೆಗಳು ಅಂಗೈಯ ಕೆಳಗೇ ಪುಡಿಯಾಗಿ ಹೆಬ್ಬೆರಳಿನ ನರ ಕತ್ತರಿಸಿದವು. ತಮ್ಮನಿಗೆ ತಲೆಗೆ ಪೆಟ್ಟಾಗಿ ಮಂಪರು ಕವಿದಿತ್ತು. ಇಬ್ಬರನ್ನೂ ಹತ್ತಿರದ ಸರಕಾರಿ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಬಳೆಗಾರ್ತಿಯನ್ನು ಹುಬ್ಬಳ್ಳಿಗೆ ಕಳಿಸಿದರು. ಎರಡು ಶಸ್ತ್ರಚಿಕಿತ್ಸೆಗಳಾದವು.

ಚೀಲದಲ್ಲಿದ್ದ ಮೊದಲ ಕಾಗದವೇ ನನ್ನನ್ನು ತಡೆಯಿತು. ಸರಕಾರಿ ಆಸ್ಪತ್ರೆಯ ಗಾಯದ ಪ್ರಮಾಣಪತ್ರದಲ್ಲಿ, ಗಾಯ ಹೇಗಾಯಿತು ಎಂಬಲ್ಲಿ, ಬೈಕ್ ಸ್ಕಿಡ್ ಆಗಿ ಬಿದ್ದದ್ದರಿಂದ ಎಂದು ಬರೆದಿತ್ತು. ಟೆಂಪೋದ ಸುದ್ದಿಯೇ ಇರಲಿಲ್ಲ. ಪೊಲೀಸರಿಗೆ ಫಿರ್ಯಾದಿ ಕೊಟ್ಟದ್ದು ಒಂಬತ್ತನೆಯ ದಿನ.

ಈ ಕೆಲಸದಲ್ಲಿರುವವರಿಗೆ ಇಂಥ ಎರಡು ಕಾಗದಗಳು ಒಟ್ಟಿಗೆ ಕಂಡರೆ ಸಂಶಯ ಬರುತ್ತದೆ. ತಾನೇ ಬಿದ್ದವನಿಗೆ ಪರಿಹಾರ ಸಿಗುವುದಿಲ್ಲವೆಂದು, ಆಮೇಲೆ ಯಾವುದೋ ವಿಮೆ ಇರುವ ವಾಹನವನ್ನು ತಂದು ಸೇರಿಸುವುದು ಉಂಟು. ನಾನು ಕಾಗದ ಕೆಳಗಿಟ್ಟು, ಟೆಂಪೋ ನಿಜವಾಗಿಯೂ ತಾಗಿತೇ ಎಂದು ನೇರವಾಗಿ ಕೇಳಿದೆ. ತಮ್ಮನ ಮುಖ ಕೆಂಪಾಯಿತು. ಬಳೆಗಾರ್ತಿ ಬೇಸರಪಟ್ಟುಕೊಳ್ಳಲಿಲ್ಲ. ತಾಗಿಸಿದ ಚಾಲಕನೇ ಇಳಿದು ಬಂದು, ಇಬ್ಬರನ್ನೂ ಎತ್ತಿ ತನ್ನ ಟೆಂಪೋದಲ್ಲಿ ಮಲಗಿಸಿ ಆಸ್ಪತ್ರೆಗೆ ಮುಟ್ಟಿಸಿದ್ದ ಎಂದು ಹೇಳಿದರು. ಹಾಗಾದರೆ ಒಂಬತ್ತು ದಿನ ಏಕೆ ಸುಮ್ಮನಿದ್ದಿರಿ ಎಂದೆ.

"ಬಿಟ್ಟು ಓಡಿ ಹೋಗಿದ್ರ ಅವತ್ತ ಫಿರ್ಯಾದಿ ಕೊಡ್ತಿದ್ವಿ," ಎಂದರು. "ಎತ್ಕೊಂಡು ಹೋದಾಂವನ ಮ್ಯಾಲ ಹೆಂಗ ಕೊಡೂದ್ರಿ? ಬೆರಳು ತಿರುಗಿ ಬರೂದಿಲ್ಲ ಅಂತ ಡಾಕ್ಟರು ಅಂದ ಮ್ಯಾಲ ನಮ್ಮ ತಮ್ಮ ಹೋಗಿ ಕೊಟ್ಟು ಬಂದಾನ."

ಕೇಸು ಹಿಡಿಯುತ್ತೇನೆ ಎಂದೆ. ಅವರ ಮಾತನ್ನು ನಾನು ಪೂರ್ತಿ ನಂಬಿದ್ದೆ ಎಂದರೆ ಸುಳ್ಳಾದೀತು. ಆದರೆ ಕಟ್ಟಿ ಹೇಳುವವರು ಇಷ್ಟು ತಮಗೇ ತೊಡಕಾಗುವಂತೆ ಹೇಳುವುದನ್ನು ನಾನು ಕೇಳಿರಲಿಲ್ಲ.

ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬುದು ನಿಯಮ. ನಮಗೆ ಉಳಿದದ್ದು ಮೂರು ವಾರ. ಎಫ್‌ಐಆರ್, ಸ್ಥಳದ ಪಂಚನಾಮೆ, ಚಾರ್ಜ್‌ಶೀಟ್, ಟೆಂಪೋದ ವಿಮೆಯ ಪ್ರತಿ, ಮೋಟಾರು ವಾಹನ ನಿರೀಕ್ಷಕರ ವರದಿ, ಇವನ್ನೆಲ್ಲ ಕೂಡಿಸಲು ಲಕ್ಷ್ಮೇಶ್ವರಕ್ಕೆ ನಾಲ್ಕು ಸಲ ಓಡಾಡಿದೆ. ನಿರೀಕ್ಷಕರ ವರದಿ ಬಂದಾಗ ಮತ್ತೊಂದು ತೊಡಕು ಕಂಡಿತು. ಫಿರ್ಯಾದಿ ತಡವಾದ್ದರಿಂದ ಅವರು ಟೆಂಪೋವನ್ನು ನೋಡುವ ಹೊತ್ತಿಗೆ ಮಾಲೀಕ ಅದರ ಮುಂದಿನ ಬಂಪರ್ ಹೊಸದು ಹಾಕಿಸಿದ್ದ. 'ತಾಜಾ ಜಖಂ ಇಲ್ಲ' ಎಂದು ವರದಿಯಲ್ಲಿ ಬರೆದಿತ್ತು. ಬೈಕಿನ ಹಿಂದಿನ ಮಡ್‌ಗಾರ್ಡ್ ಬಾಗಿ ಕೆಂಪು ದೀಪ ಒಡೆದಿತ್ತು. ಸ್ಕಿಡ್ ಆಗಿ ಪಕ್ಕಕ್ಕೆ ಬಿದ್ದ ಬೈಕಿಗೆ ಹಿಂದೆ ಹಾಗೆ ಪೆಟ್ಟಾಗುವುದಿಲ್ಲ. ನನ್ನ ಕೈಯಲ್ಲಿದ್ದ ಒಳ್ಳೆಯ ಸಾಕ್ಷ್ಯ ಅದೊಂದೇ. ಗಡುವಿಗೆ ಐದು ದಿನ ಇರುವಾಗ ಟೆಂಪೋ ಮಾಲೀಕ ಮತ್ತು ವಿಮಾ ಕಂಪನಿಯನ್ನು ಎದುರುದಾರರನ್ನಾಗಿ ಮಾಡಿ ಅರ್ಜಿ ಹಾಕಿದೆ.

ಮಾಲೀಕ ನೋಟಿಸು ತೆಗೆದುಕೊಂಡೂ ಕೋರ್ಟಿಗೆ ಬರಲಿಲ್ಲ. ವಿಮಾ ಕಂಪನಿಯ ವಕೀಲರು ಬಂದರು. ಮಾತಿನಲ್ಲಿ ಸಭ್ಯರು, ಕೆಲಸದಲ್ಲಿ ಗಟ್ಟಿ. ಅವರ ತಕರಾರು ನಾನು ಎಣಿಸಿದ್ದೇ ಆಗಿತ್ತು: ಬೈಕು ತಾನೇ ಬಿದ್ದಿದೆ, ಪರಿಹಾರದ ಆಸೆಗೆ ಟೆಂಪೋವನ್ನು ಆಮೇಲೆ ಸೇರಿಸಿದ್ದಾರೆ.

ಸಾಕ್ಷ್ಯದ ಅಫಿಡವಿಟ್ ಬರೆಯುವ ಮುಂಚೆ ಬಳೆಗಾರ್ತಿಯ ಕೆಲಸ ನೋಡಬೇಕೆಂದು ಒಂದು ಭಾನುವಾರ ಲಕ್ಷ್ಮೇಶ್ವರದ ಅವರ ಮನೆಗೆ ಹೋದೆ. ಆ ಹೆಬ್ಬೆರಳಿನಿಂದ ಏನು ಆಗುವುದಿಲ್ಲ ಎಂದು ನ್ಯಾಯಾಧೀಶರಿಗೆ ಹೇಳಬೇಕಾದರೆ ಮೊದಲು ನನಗೆ ಗೊತ್ತಾಗಬೇಕಿತ್ತು. ಅವರು ನನ್ನನ್ನು ಚಾಪೆಯ ಮೇಲೆ ಕೂರಿಸಿ ನನ್ನ ಎಡಗೈ ಹಿಡಿದುಕೊಂಡರು. ಬಳೆ ಇಡಿಸುವವರ ಎಡಗೈ ಬಳೆ ಹಿಡಿದಿರುತ್ತದೆ. ಬಲಗೈಯ ಹೆಬ್ಬೆರಳು ಎದುರಿನವರ ಕೈಯನ್ನು ಗೆಣ್ಣಿನ ಹತ್ತಿರ ಒತ್ತಿ, ಅಂಗೈ ಮಡಚುವಂತೆ ಮಾಡಿ, ಬಳೆ ಜಾರುವಷ್ಟು ದಾರಿ ಮಾಡಿಕೊಡಬೇಕು. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ಬೆರಳಿಗೇ ತಿಳಿಯುತ್ತದೆಯಂತೆ. ಬಿಗಿ ಬಳೆಯನ್ನೂ ನೋವಾಗದಂತೆ ಇಡಿಸುತ್ತಾರೆಂದೇ ಊರೂರಿನವರು ಅವರನ್ನು ಕರೆಯುತ್ತಿದ್ದರು.

ಅವರು ಪ್ರಯತ್ನಿಸಿದರು. ಹೆಬ್ಬೆರಳು ಅರ್ಧ ಬಾಗಿ ನಿಂತುಬಿಟ್ಟಿತು. ಮೊದಲ ಬಳೆ ಗೆಣ್ಣಿನ ಮೇಲೆಯೇ ಒಡೆಯಿತು. ಎರಡನೆಯದೂ ಒಡೆಯಿತು. ಮೂರನೆಯದು ನನ್ನ ಕೈಯನ್ನು ಸ್ವಲ್ಪ ಕೊಯ್ದಿತು. ಅವರು ತಕ್ಷಣ ನನ್ನ ಕೈ ಬಿಟ್ಟು ಒಳಗೆ ಹೋಗಿ ಅರಿಷಿಣ ತಂದರು. ಇಪ್ಪತ್ತೆಂಟು ವರ್ಷ ಈ ಕೆಲಸ ಮಾಡಿದ್ದೇನೆ, ಯಾರ ಕೈಯಲ್ಲೂ ರಕ್ತ ತೆಗೆದಿರಲಿಲ್ಲ ಎಂದಷ್ಟೇ ಹೇಳಿದರು. ಅಫಿಡವಿಟ್ಟಿನಲ್ಲಿ ನಾನು ಅದನ್ನೆಲ್ಲ ನಡೆದ ಹಾಗೆಯೇ ಬರೆದೆ. ಮುಂದೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಸಾಕ್ಷಿಗೆ ಕರೆಸಿದಾಗ, ಆ ಬೆರಳು ಇಂಥ ಒತ್ತಡ ಕೊಡಬಲ್ಲುದೇ ಎಂದು ಕೇಳಿದೆ. ಇಲ್ಲ, ಇನ್ನು ಮುಂದೆಯೂ ಇಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು.

ಆದರೆ ಟೆಂಪೋ ತಾಗಿದ್ದೇ ಸಾಬೀತಾಗದಿದ್ದರೆ ಬೆರಳಿನ ಮಾತಿಗೆ ಬೆಲೆ ಇರಲಿಲ್ಲ. ಪಾಟೀಸವಾಲಿನ ದಿನ ವಿಮಾ ಕಂಪನಿಯ ವಕೀಲರು ಗಾಯದ ಪ್ರಮಾಣಪತ್ರವನ್ನು ಬಳೆಗಾರ್ತಿಯ ಮುಂದೆ ಹಿಡಿದು, ಸ್ಕಿಡ್ ಎಂದು ನೀವೇ ವೈದ್ಯರಿಗೆ ಹೇಳಿದ್ದಲ್ಲವೇ ಎಂದು ಕೇಳಿದರು. ನಾನು ಹೇಳಲಿಲ್ಲ, ನೋವಿನಲ್ಲಿ ನನಗೆ ಮಾತೇ ಬರುತ್ತಿರಲಿಲ್ಲ ಎಂದರು. ಹಾಗಾದರೆ ತಮ್ಮ ಹೇಳಿದರೇ? ಅವರಿಗೂ ಎಚ್ಚರವಿರಲಿಲ್ಲ. ಮತ್ತೆ ಯಾರು ಹೇಳಿದರು? ಅದು ನಮಗೆ ಗೊತ್ತಿಲ್ಲ ಎಂದರು. ಅವರು ಸುಳ್ಳು ಹೇಳಿರಲಿಲ್ಲ. ಆದರೂ ಆ ಉತ್ತರ ಬರಹದಲ್ಲಿ ಬಡವಾಗಿ ಕಂಡಿತು. ಎದುರಿನ ವಕೀಲರು ಇನ್ನೊಂದು ಪ್ರಶ್ನೆಯನ್ನೂ ಕೇಳದೆ ಕುಳಿತರು.

ಆ ವಾರವೇ ಬಳೆಗಾರ್ತಿಯ ತಮ್ಮ ಒಬ್ಬರೇ ನನ್ನ ಕಚೇರಿಗೆ ಬಂದರು. ಹಳೆಯ ದಲ್ಲಾಳಿ ಮತ್ತೆ ಫೋನು ಮಾಡಿದ್ದನಂತೆ. ರಸ್ತೆ ಪಕ್ಕದ ಹೊಲದಲ್ಲಿ ಅಂದು ಕೆಲಸ ಮಾಡುತ್ತಿದ್ದೆ, ಟೆಂಪೋ ತಾಗಿದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಲು ಒಬ್ಬ ತಯಾರಿದ್ದಾನೆ ಎಂದಿದ್ದ. ಆತ ಅಂದು ಅಲ್ಲಿದ್ದನೇ ಎಂದು ಕೇಳಿದೆ. ತಮ್ಮ ನೆಲ ನೋಡಿದರು.

"ಆಗಿದ್ದಂತೂ ಖರೇನ ಐತಲ್ರಿ," ಎಂದರು. "ಖರೇದಕ್ಕ ಒಬ್ಬಾಂವ ಸಾಕ್ಷಿ ಹೇಳಿದ್ರ ತಪ್ಪೇನ್ರಿ?"

ಅವರ ನೋವು ನನಗೆ ತಿಳಿಯುತ್ತಿತ್ತು. ಬೈಕು ಓಡಿಸಿದವರು ತಾವು, ಕೈ ಹೋದದ್ದು ಅಕ್ಕನದು. ಆದರೆ ಅಂಥ ಸಾಕ್ಷಿಯನ್ನು ನಾನು ಕಟಕಟೆಗೆ ಹತ್ತಿಸುವುದಿಲ್ಲ ಎಂದೆ. ನಡೆದದ್ದು ನಿಜವಿರುವಾಗ ಅದಕ್ಕೆ ಸುಳ್ಳು ಸೇರಿಸಿದರೆ ಎಲ್ಲವೂ ಸುಳ್ಳಾಗುತ್ತದೆ, ಬೇಕಾದರೆ ಫೈಲು ಒಯ್ಯಬಹುದು ಎಂದೂ ಹೇಳಿದೆ. ಅವರು ಸಿಟ್ಟಾಗಿಯೇ ಹೋದರು. ಮರುದಿನ ಬಳೆಗಾರ್ತಿ ಫೋನು ಮಾಡಿ, ಫೈಲು ಅಲ್ಲೇ ಇರಲಿ ಎಂದರು.

ಹೇಳುವುದನ್ನು ಹೇಳಿದ್ದೆ. ಆದರೆ ನನ್ನ ಹತ್ತಿರ ಬೇರೆ ದಾರಿಯೂ ಇರಲಿಲ್ಲ. ಪಾಟೀಸವಾಲಿನಲ್ಲಿ ಕೇಳಿದ ಪ್ರಶ್ನೆಯೇ ತಲೆಯಲ್ಲಿ ತಿರುಗುತ್ತಿತ್ತು. ವೈದ್ಯರಿಗೆ ಯಾರೋ ಒಬ್ಬರು ಸ್ಕಿಡ್ ಎಂದು ಹೇಳಿರಲೇಬೇಕು. ಗಾಯಗೊಂಡ ಇಬ್ಬರೂ ಹೇಳಿಲ್ಲವೆಂದರೆ ಕರೆತಂದವನೇ ಹೇಳಿರಬೇಕು. ನನ್ನ ಕೈಯಲ್ಲಿದ್ದ ಗಾಯದ ಪ್ರಮಾಣಪತ್ರ ಆಸ್ಪತ್ರೆಯ ರಿಜಿಸ್ಟರ್ ನೋಡಿ ಆಮೇಲೆ ಬರೆದುಕೊಟ್ಟದ್ದು. ಮೂಲ ರಿಜಿಸ್ಟರನ್ನು ನಾನು ನೋಡಿಯೇ ಇರಲಿಲ್ಲ. ಇಷ್ಟು ವರ್ಷ ಕೆಲಸ ಮಾಡಿಯೂ ಅದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆಯೇ ಬೇಸರವಾಯಿತು.

ಆಸ್ಪತ್ರೆಯ ದಾಖಲೆ ಕೋಣೆಯ ಗುಮಾಸ್ತರು ಪ್ರತಿ ಕೊಡಲು ಒಪ್ಪಲಿಲ್ಲ. ಕೋರ್ಟಿನ ಸಮನ್ಸ್ ಬಂದರೆ ರಿಜಿಸ್ಟರನ್ನೇ ತರುತ್ತೇನೆ ಎಂದರು. ಆದರೆ ತೆರೆದು ತೋರಿಸಿದರು. ಪೊಲೀಸ್ ಪ್ರಕರಣಗಳ ದಪ್ಪ ಪುಸ್ತಕ ಅದು. ಪ್ರತಿ ಪುಟದಲ್ಲೂ 'ಕರೆತಂದವರು' ಎಂಬ ಒಂದು ಕಾಲಂ. ಬಳೆಗಾರ್ತಿಯ ಹೆಸರಿನ ಮುಂದೆ, ಆ ಕಾಲಂನಲ್ಲಿ ಒಬ್ಬನ ಹೆಸರು, ಕೆಳಗೆ ಅವನದೇ ಸಹಿ. ಚಾರ್ಜ್‌ಶೀಟಿನಲ್ಲಿದ್ದ ಟೆಂಪೋ ಚಾಲಕನ ಹೆಸರೇ ಅದಾಗಿತ್ತು. ಗೋಡೆಗೆ ಒರಗಿ ಅದನ್ನು ಎರಡು ಸಲ ಓದಿದೆ. ಒಂಬತ್ತು ದಿನಗಳ ನಂತರ ಹೊಸದಾಗಿ ಸೇರಿಸಿದರೆನ್ನುವ ಮನುಷ್ಯ, ಅಪಘಾತವಾದ ಗಂಟೆಯೊಳಗೇ ಅಲ್ಲಿ ಸಹಿ ಮಾಡಿದ್ದ.

ಅಷ್ಟೇ ಸಾಲುವಂತಿರಲಿಲ್ಲ. ದಾರಿಯಲ್ಲಿ ಬಿದ್ದವರನ್ನು ಎತ್ತಿ ತಂದ ದಾರಿಹೋಕ ಎಂದು ಎದುರಿನವರು ಹೇಳಬಹುದಿತ್ತು. ಉಳಿದದ್ದು ಒಂದೇ, ಚಾಲಕನನ್ನೇ ಸಾಕ್ಷಿಗೆ ಕರೆಸುವುದು. ನನಗೆ ಕೆಲಸ ಕಲಿಸಿದ ಹಿರಿಯ ವಕೀಲರನ್ನು ಕೇಳಿದೆ. ಅವರು ಕನ್ನಡಕ ತೆಗೆದಿಟ್ಟು, ಎದುರಿನವನ ಚಾಲಕನನ್ನು ನೀನೇ ಕರೆಸಿ, ಅವನು ಇಲ್ಲ ಎಂದರೆ ಅಲ್ಲಿಗೆ ಕೇಸು ಮುಗಿಯಿತು ಎಂದರು. ಅವನ ಮೇಲೆ ಲಕ್ಷ್ಮೇಶ್ವರದಲ್ಲಿ ಕ್ರಿಮಿನಲ್ ಕೇಸು ನಡೆದಿತ್ತು. ಅಲ್ಲಿ ತಪ್ಪು ಮಾಡಿಲ್ಲವೆಂದೇ ಹೇಳಿದ್ದ. ಮಾಲೀಕನ ಕೈಕೆಳಗೆ ದುಡಿಯುತ್ತಿದ್ದ. ಹೌದು ಎಂದು ಹೇಳಲು ಅವನಿಗೆ ಒಂದು ಕಾರಣವೂ ಇರಲಿಲ್ಲ. ಹೇಳಿದರೆ ನನ್ನ ಕಕ್ಷಿದಾರರಿಗೆ ಲಾಭ, ಅವನಿಗೆ ಹಾನಿ. ಅದೂ ನನ್ನ ಮನಸ್ಸಿನಲ್ಲಿತ್ತು.

ಬಳೆಗಾರ್ತಿಯನ್ನು ಕರೆದು ಎಲ್ಲವನ್ನೂ ವಿವರಿಸಿದೆ. ಸೋಲುವ ಸಾಧ್ಯತೆಯೇ ಹೆಚ್ಚು ಎಂದೂ ಹೇಳಿದೆ.

"ಗಾಡ್ಯಾಗ ಹೋಗೂ ಮುಂದ ಆಂವ ಹೊಳ್ಳಿ ಹೊಳ್ಳಿ ನನ್ನ ನೋಡ್ತಿದ್ದ್ರಿ," ಎಂದರು. "ಕರಸ್ರಿ. ಇಲ್ಲ ಅಂದ್ರ ಅಲ್ಲಿಗೆ ಆತು."

ತಾವೇ ಹೋಗಿ ಅವನೊಡನೆ ಮಾತಾಡಲೇ ಎಂದು ಕೇಳಿದರು. ಬೇಡವೆಂದೆ. ಒಂದು ಸಲ ಭೇಟಿಯಾದರೂ ಇಬ್ಬರೂ ಕೂಡಿ ಕಟ್ಟಿದ್ದು ಎಂಬ ಮಾತು ಬರುತ್ತದೆ.

ರಿಜಿಸ್ಟರ್ ತರಲು ಗುಮಾಸ್ತರಿಗೆ, ಸಾಕ್ಷಿ ಹೇಳಲು ಚಾಲಕನಿಗೆ ಸಮನ್ಸ್ ಕೋರಿ ಅರ್ಜಿ ಹಾಕಿದೆ. ಗುಮಾಸ್ತರು ಮೊದಲ ತಾರೀಖಿಗೇ ಬಂದರು. ರಿಜಿಸ್ಟರ್ ದಾಖಲಾಯಿತು. ಚಾಲಕ ಬರಲಿಲ್ಲ. ಎರಡನೆಯ ತಾರೀಖಿಗೂ ಬರಲಿಲ್ಲ. ಬಾಡಿಗೆಗೆ ಮುಂಡರಗಿ ಕಡೆ ಹೋಗಿದ್ದಾನೆ ಎಂದು ಮನೆಯವರು ಹೇಳಿದರೆಂದು ಸಮನ್ಸ್ ಒಯ್ದಿದ್ದ ಬೇಲಿಫ್ ವರದಿ ಕೊಟ್ಟ. ಮೂರನೆಯ ತಾರೀಖಿಗೆ, ನಮ್ಮ ಕೇಸು ಕೂಗುವ ಹೊತ್ತಿಗೆ, ಮೂವತ್ತೈದರ ವಯಸ್ಸಿನ ತೆಳ್ಳನೆಯ ಮನುಷ್ಯ ಬಾಗಿಲಲ್ಲಿ ನಿಂತಿದ್ದ. ಕಟಕಟೆ ಹತ್ತುವಾಗ ಬಳೆಗಾರ್ತಿ ಕುಳಿತ ಕಡೆ ನೋಡಲಿಲ್ಲ.

ನಾನು ರಿಜಿಸ್ಟರಿನ ಸಹಿ ತೋರಿಸಿದೆ. ತನ್ನದೇ ಎಂದ. ಅಂದು ಇವರನ್ನು ಆಸ್ಪತ್ರೆಗೆ ಏಕೆ ಕರೆದೊಯ್ಯಬೇಕಾಯಿತು ಎಂದು ಕೇಳಿದೆ. ಅವನು ಬಾಯಿ ತೆರೆಯುವ ಮುಂಚೆ ನ್ಯಾಯಾಧೀಶರು ತಡೆದು, ಇದೇ ವಿಷಯದಲ್ಲಿ ನಿಮ್ಮ ಮೇಲೆ ಕ್ರಿಮಿನಲ್ ಕೇಸು ಬಾಕಿ ಇದೆ, ಅದನ್ನು ತಿಳಿದುಕೊಂಡು ಉತ್ತರ ಕೊಡಿ ಎಂದು ಎಚ್ಚರಿಸಿದರು. ಅವನು ತಲೆಯಾಡಿಸಿದ. ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಬೆರಳಚ್ಚುಗಾರರು ಕೀಲಿಮಣೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ನಾನು ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

"ನನ್ನ ಗಾಡೀನ ಬಡದೈತ್ರಿ," ಎಂದ. "ಹಿಂದಿನಿಂದ. ತಿರುವಿನ್ಯಾಗ ನಾ ಜೋರ ಇದ್ದೆ. ಸ್ಕಿಡ್ ಆಗಿ ಬಿದ್ದಾರ ಅಂತ ಡಾಕ್ಟರಿಗೆ ಹೇಳಿದಾಂವನೂ ನಾನರಿ. ಅಂಜಿಕಿ ಬಂತು."

ಬಂಪರ್ ಬದಲಿಸಿದ್ದು ಯಾವಾಗ ಎಂದು ಕೇಳಿದೆ. ಮರುದಿನವೇ, ಮಾಲೀಕರು ಹೇಳಿದರು ಎಂದ. ನನಗೆ ಅಷ್ಟು ಸಾಕಾಗಿತ್ತು. ಕುಳಿತೆ.

ವಿಮಾ ಕಂಪನಿಯ ವಕೀಲರು ಎದ್ದು, ಈ ಹೆಣ್ಣುಮಗಳ ಕೈ ನೋಡಿ ಮರುಕ ಹುಟ್ಟಿ ಹೀಗೆ ಹೇಳುತ್ತಿದ್ದೀರಿ ಎಂದರೆ ಏನು ಹೇಳುತ್ತೀರಿ ಎಂದರು.

"ಮರುಕ ಐತ್ರಿ," ಎಂದ ಅವನು. "ಆದ್ರ ಗಾಡಿ ಬಡದದ್ದೂ ಖರೇನರಿ."

ಎದುರಿನ ವಕೀಲರು ಇನ್ನೂ ಕೆಲವು ಪ್ರಶ್ನೆ ಕೇಳಿದರು. ಉತ್ತರ ಬದಲಾಗಲಿಲ್ಲ. ಹೊರಗೆ ಬಂದಾಗ ಅವರು ನನ್ನ ಪಕ್ಕ ನಡೆಯುತ್ತ, ಇಂಥ ಸಾಕ್ಷಿಯ ಮೇಲೆ ವಾದ ಮಾಡುವುದು ಕಷ್ಟ ಎಂದು ನಕ್ಕರು. ಚಾಲಕ ಅಷ್ಟರಲ್ಲಿ ಹೊರಟುಹೋಗಿದ್ದ.

ಎರಡು ತಿಂಗಳ ನಂತರ ತೀರ್ಪು ಬಂತು. ಟೆಂಪೋ ತಾಗಿದ್ದು, ತಪ್ಪು ಅದರ ಚಾಲಕನದು ಎಂದು ನ್ಯಾಯಮಂಡಳಿ ಒಪ್ಪಿತು. ವೈದ್ಯರು ಕೊಟ್ಟ ಊನದ ಪ್ರಮಾಣಕ್ಕಿಂತ ಬಳೆಗಾರ್ತಿಯ ದುಡಿಮೆಗೆ ಆದ ನಷ್ಟ ದೊಡ್ಡದು ಎಂದು ತೀರ್ಪಿನಲ್ಲಿ ಬರೆದಿತ್ತು. ವಿಮಾ ಕಂಪನಿ ಮೇಲ್ಮನವಿಗೆ ಹೋಗಲಿಲ್ಲ. ಪರಿಹಾರದ ಒಂದು ಭಾಗದಿಂದ ಅವರು ಮನೆಯ ಮುಂದಿನ ಕೋಣೆಯನ್ನೇ ಬಳೆಯ ಅಂಗಡಿ ಮಾಡಿದರು. ಈಗ ಇಡಿಸುವುದು ಸೊಸೆ. ಅವರು ಪಕ್ಕದಲ್ಲಿ ಕುಳಿತು, ಎಲ್ಲಿ ಒತ್ತಬೇಕೆಂದು ಬಾಯಲ್ಲಿ ಹೇಳಿಕೊಡುತ್ತಾರೆ. ಸೊಸೆಯ ಕೈ ಇನ್ನೂ ಬಿರುಸು, ಕಲಿಯುತ್ತಾಳೆ ಎಂದರು.

ನನ್ನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ತೀರ್ಪಿನ ಪ್ರತಿ ಒಯ್ಯಲು ಬಂದ ದಿನ ಅವರು ಚಾಲಕನ ಸುದ್ದಿ ಎತ್ತಿದರು. ಸಾಕ್ಷಿ ಹೇಳಿದ ವಾರವೇ ಮಾಲೀಕ ಅವನನ್ನು ಕೆಲಸದಿಂದ ಬಿಡಿಸಿದ್ದ. ಶಿರಹಟ್ಟಿಯಲ್ಲಿ ಯಾರದೋ ಟ್ರ್ಯಾಕ್ಟರ್ ಹೊಡೆಯುತ್ತಿದ್ದಾನೆ ಎಂದು ಅವರಿಗೆ ತಿಳಿದಿತ್ತು. ಕ್ರಿಮಿನಲ್ ಕೇಸು ಹಾಗೇ ಇತ್ತು. ಅದನ್ನು ತೆಗೆಯಲು ಬರುವುದಿಲ್ಲವೇ ಎಂದು ಕೇಳಿದರು. ಪೂರ್ತಿ ತೆಗೆಯಲು ಬರುವುದಿಲ್ಲ ಎಂದೆ. ಗಾಯ ಮಾಡಿದ ಭಾಗವನ್ನು, ಗಾಯಗೊಂಡವರು ಒಪ್ಪಿದರೆ, ಕೋರ್ಟಿನ ಅನುಮತಿಯಿಂದ ರಾಜಿ ಮಾಡಿಕೊಳ್ಳಬಹುದು. ಅಜಾಗರೂಕವಾಗಿ ಓಡಿಸಿದ ಭಾಗ ಹಾಗೆ ಹೋಗುವುದಿಲ್ಲ. ಅದಕ್ಕೆ ಅವನು ತಪ್ಪೊಪ್ಪಿಕೊಳ್ಳಬೇಕು, ದಂಡ ಬೀಳಬಹುದು. ನಿಮ್ಮ ಪರ ನಿಂತವಳು ನಾನು, ಅವನ ಪರ ನಿಲ್ಲಲು ಬರುವುದಿಲ್ಲ ಎಂದೂ ಹೇಳಿ ಲಕ್ಷ್ಮೇಶ್ವರದ ಒಬ್ಬ ವಕೀಲರ ಹೆಸರು ಬರೆದುಕೊಟ್ಟೆ.

ತಮ್ಮನಿಗೆ ಇದು ಸರಿಬರಲಿಲ್ಲ. ಅಕ್ಕನ ಕೈ ತೆಗೆದವನಿಗೆ ಅಕ್ಕನೇ ವಕೀಲರನ್ನು ಹುಡುಕುವುದೇ ಎಂದು ಗೊಣಗಿದರು. ಆದರೂ ರಾಜಿಯ ದಿನ ಬೈಕಿನ ಮೇಲೆ ಅವರನ್ನು ಲಕ್ಷ್ಮೇಶ್ವರದ ಕೋರ್ಟಿಗೆ ಕರೆತಂದವರು ತಮ್ಮನೇ. ನಾನು ಬೇರೊಂದು ಕೆಲಸಕ್ಕೆ ಲಕ್ಷ್ಮೇಶ್ವರಕ್ಕೆ ಹೋಗಿದ್ದವಳು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ. ಮ್ಯಾಜಿಸ್ಟ್ರೇಟರು ಬಳೆಗಾರ್ತಿಯನ್ನು, ಯಾರ ಒತ್ತಾಯವೂ ಇಲ್ಲವೇ ಎಂದು ಎರಡು ಸಲ ಕೇಳಿದರು. ಇಲ್ಲ ಎಂದರು. ರಾಜಿಯ ಜಂಟಿ ಅರ್ಜಿಯನ್ನು ಮೇಜಿನ ಮೇಲಿಟ್ಟು, ಅವರ ಕೈ ನೋಡಿದ ಕೋರ್ಟಿನ ಗುಮಾಸ್ತರು ಹೆಬ್ಬೆಟ್ಟಿನ ಶಾಯಿಯ ಡಬ್ಬಿಯನ್ನು ಮುಂದೆ ಸರಿಸಿದರು.

"ನಂಗ ಸಹಿ ಮಾಡಾಕ ಬರ್ತೈತ್ರಿ," ಎಂದರು ಬಳೆಗಾರ್ತಿ.

ಎಡಗೈಯಲ್ಲಿ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಬರೆಯತೊಡಗಿದರು. ಸಮಯ ಹಿಡಿಯಿತು. ಮುಂದಿನ ಕೇಸು ಕೂಗಲು ಎದ್ದಿದ್ದ ಜವಾನ ಕೂಗದೆ ನಿಂತ. ಕಾಗದ ಜರುಗತೊಡಗಿದಾಗ ಚಾಲಕ ಹತ್ತಿರ ಬಂದು, ಅದರ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡ.